ಕಾರಿನ ಸಂಗೀತಕ್ಕೂ ಶ್ರುತಿ ಬೇಕು

ಮೋಟಾರು ಗಾಡಿಯಲ್ಲಿ ಕುಳಿತು ಸಂಗೀತ ಕೇಳುವುದು ಈಗ ಧನಿಕರ ವಿಲಾಸವಾಗಿ ಉಳಿದಿಲ್ಲ. ಶಿವಾಜಿನಗರದ ಹೋಟೆಲುಗಳಲ್ಲಿ ದುಡಿಯುವ, ಅಲ್ಲಿನ ಕಚೇರಿಗಳಲ್ಲಿ ಲೆಕ್ಕ ಬರೆಯುವ ನಮ್ಮ ಬಂಧುಗಳಲ್ಲಿ ಕೈಬದಲಾದ ಹಳೆಯ ಕಾರೊಂದನ್ನು ಕೊಂಡವರು ಹಲವರಿದ್ದಾರೆ. ಬಾಡಿಗೆಯ ಟ್ಯಾಕ್ಸಿ ನಡೆಸುವವರಿದ್ದಾರೆ. ಮಾಲಕರ ಗಾಡಿಯಲ್ಲಿ ಬೆಳಗಿನ ಜಾವ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ತರಕಾರಿ ತರುವವರೂ ಇದ್ದಾರೆ. ವರ್ಷಕ್ಕೊಮ್ಮೆ ನಾಲ್ವರು ಕೂಡಿ, ಪೆಟ್ರೋಲಿನ ಖರ್ಚನ್ನು ಹಂಚಿಕೊಂಡು, ಘಟ್ಟ ಇಳಿದು ಊರಿನ ಜಾತ್ರೆಗೋ ಕೋಲಕ್ಕೋ ಹೊರಡುವ ವಾಡಿಕೆಯೂ ಬೆಳೆದಿದೆ. ಅಷ್ಟು ದೂರದ ದಾರಿ ಸವೆಯಲು ಹಾಡು ಬೇಕು. ಹಾಡಿಗೆ ಯಂತ್ರ ಬೇಕು. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ.

ಆಕ್ಷೇಪಿಸತಕ್ಕದ್ದು ಬೇರೊಂದಿದೆ. ತಿಂಗಳುಗಟ್ಟಲೆಯ ಸಂಬಳವನ್ನು ಕೂಡಿಟ್ಟು, ಸಾಲದುದಕ್ಕೆ ಚೀಟಿಯ ಹಣವನ್ನು ಎತ್ತಿ, ನಮ್ಮ ತರುಣರು ದೊಡ್ಡ ವೂಫರನ್ನೂ ಅದಕ್ಕಿಂತ ದೊಡ್ಡ ಆಂಪ್ಲಿಫಯರನ್ನೂ ಕೊಳ್ಳುತ್ತಾರೆ. ಅಂಗಡಿಯವನು ಅದನ್ನು ಗಾಡಿಯ ಹಿಂಭಾಗದಲ್ಲಿ ಕೂರಿಸಿ, ನಾಲ್ಕು ತಂತಿಗಳನ್ನು ಜೋಡಿಸಿ, ಎಲ್ಲ ಗುಂಡಿಗಳನ್ನೂ ತುದಿಯ ವರೆಗೆ ತಿರುಗಿಸಿ ಕೈತೊಳೆದುಕೊಳ್ಳುತ್ತಾನೆ. ಗಾಡಿ ಗುಡುಗುತ್ತದೆ; ಬಾಗಿಲುಗಳು ಕಟಕಟಿಸುತ್ತವೆ; ಹಾಡಿದವರು ಯಾರು, ಹಾಡಿನ ಮಾತು ಏನು ಎಂಬುದು ಮಾತ್ರ ತಿಳಿಯುವುದಿಲ್ಲ. ಹಣ ಕೊಟ್ಟವನು ಇದನ್ನೇ ಉತ್ತಮ ನಾದವೆಂದು ನಂಬುತ್ತಾನೆ. ನಂಬದಿದ್ದರೆ ಇನ್ನೂ ದೊಡ್ಡ ಯಂತ್ರಕ್ಕಾಗಿ ಹಣ ಕೂಡಿಸತೊಡಗುತ್ತಾನೆ. ಈ ಎರಡು ದಾರಿಗಳೂ ತಪ್ಪೆಂದು ನಾವು ಹೇಳಬಯಸುತ್ತೇವೆ. ಕಾರಿನಲ್ಲಿ ಒಳ್ಳೆಯ ನಾದ ಹುಟ್ಟುವುದು ಕೊಳ್ಳುವುದರಿಂದಲ್ಲ, ಹೊಂದಿಸುವುದರಿಂದ. ಇರುವ ಯಂತ್ರವನ್ನೇ ತಾಳ್ಮೆಯಿಂದ ಶ್ರುತಿಗೂಡಿಸಿದರೆ, ಸಾಲ ಮಾಡಿ ತಂದ ಯಂತ್ರಕ್ಕಿಂತ ಅದು ಚೆನ್ನಾಗಿ ಹಾಡುತ್ತದೆ.

ಶ್ರುತಿಯ ಮಾತನ್ನು ಪುಣೆಯಲ್ಲಿರುವ ಕನ್ನಡಿಗರಿಗೆ ಪರಕೀಯರಿಂದ ಕಲಿಸಬೇಕಾಗಿಲ್ಲ. ಗದಗಿನ ಕಡೆಯಿಂದ ಬಂದ ಭೀಮಸೇನ ಜೋಶಿಯವರು ಈ ನಗರದಲ್ಲಿಯೇ ಮನೆಮಾಡಿ, 2011ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಇಲ್ಲಿಯೇ ಬಾಳಿದರು. ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಅವರು ಬೆಳೆಸಿದ ಸಂಗೀತೋತ್ಸವವು 1953ರಲ್ಲಿ ಆರಂಭವಾಗಿ ಪುಣೆಯ ಹೆಮ್ಮೆಯೇ ಆಗಿಬಿಟ್ಟಿದೆ. ಭೀಮಸೇನರಿಗೆ ಹಾಡಿನಷ್ಟೇ ಮೋಟಾರು ಗಾಡಿಯ ಹುಚ್ಚೂ ಇತ್ತೆಂಬುದು ಪ್ರಸಿದ್ಧವಾದ ಸಂಗತಿ. ದೂರದೂರದ ಕಛೇರಿಗಳಿಗೆ ತಾವೇ ಗಾಡಿ ನಡೆಸಿಕೊಂಡು ಹೋಗುತ್ತಿದ್ದರು. ಅಂಥ ಗಾಯಕರ ಕಛೇರಿಯೂ ಕೂಡ ಹಾಡಿನಿಂದ ಆರಂಭವಾಗುವುದಿಲ್ಲ. ಮೊದಲು ತಂಬೂರಿಗಳ ಬಿರಟೆ ತಿರುಗಬೇಕು, ನಾಲ್ಕು ತಂತಿಗಳೂ ಒಂದಕ್ಕೊಂದು ಒಪ್ಪಬೇಕು; ಸಭೆ ಎಷ್ಟೇ ದೊಡ್ಡದಿರಲಿ, ಅಷ್ಟು ಹೊತ್ತು ಸುಮ್ಮನೆ ಕಾಯಬೇಕು.

ಆ ತಂಬೂರಿಗಳು ಹುಟ್ಟುವ ಊರು ಮೀರಜ್. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಗಳಿಗೆ ರೈಲಿನಲ್ಲಿ ಹೋಗುವವರೆಲ್ಲರೂ ಆ ನಿಲ್ದಾಣವನ್ನು ಬಲ್ಲರು. ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಮ್ ಖಾನ್ ಸಾಹೇಬರು ನೆಲೆಸಿದ್ದ ಊರೂ ಅದೇ. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆಯನ್ನು ಇಡುವುದುಂಟು. ಇದನ್ನು ಜವಾರಿ ಮಾಡುವುದು ಎನ್ನುತ್ತಾರೆ. ಆ ಎಳೆಯನ್ನು ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಿದಾಗ ಸತ್ತಂತಿದ್ದ ತಂತಿಗೆ ಜೀವ ಬರುತ್ತದೆ. ಬೆಲೆಯಿಲ್ಲದ ಒಂದು ನೂಲಿನೆಳೆ ಬೆಲೆಬಾಳುವ ವಾದ್ಯದ ಗತಿಯನ್ನೇ ಬದಲಿಸುವುದಾದರೆ, ಕಾರಿನ ಸ್ಪೀಕರಿಗೆ ಮಾತ್ರ ಅಂಥ ಉಪಚಾರ ಬೇಡವೆ?

ಮೊದಲು ಲೆಕ್ಕದ ಮಾತು. ಗುಮಾಸ್ತ ಮಿತ್ರರು ಇದನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಹುದು. 50 ವಾಟಿನ ಆಂಪ್ಲಿಫಯರನ್ನು ತೆಗೆದು 100 ವಾಟಿನದನ್ನು ಹಾಕಿದರೆ ಸದ್ದು ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಇದು ಒಂದಿಷ್ಟು ಏರಿದಂತೆ ತೋರಬಹುದು, ಅಷ್ಟೆ. ಸದ್ದು ಎರಡು ಪಟ್ಟಾದಂತೆ ಕೇಳಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ, ಎಂದರೆ 500 ವಾಟ್ ಬೇಕು. ಹಣವನ್ನು ಇಮ್ಮಡಿ ಸುರಿದವನಿಗೆ ದೊರೆಯುವ ಪ್ರತಿಫಲ ಇಷ್ಟು ಅಲ್ಪವಾದುದು. ಡಬ್ಬದ ಮೇಲೆ ಅಚ್ಚಾದ ದೊಡ್ಡ ಅಂಕಿಗಳನ್ನು ನೋಡಿ ಮರುಳಾಗುವವರು ಈ ಲೆಕ್ಕವನ್ನು ಒಮ್ಮೆ ತಾಳೆ ನೋಡಬೇಕು.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಬಾಗಿಲಿನಿಂದ. ಕಾರಿನ ಬಾಗಿಲು ಟೊಳ್ಳಾದ ತಗಡಿನ ಪೆಟ್ಟಿಗೆ. ಸ್ಪೀಕರಿನ ಕಾಗದದ ಶಂಖವು ಮುಂದಕ್ಕೆ ಸರಿದಾಗ ಹಿಂಬದಿಯಲ್ಲಿಯೂ ಅದಕ್ಕೆ ವಿರುದ್ಧವಾದ ಅಲೆ ಏಳುತ್ತದೆ. ಬಾಗಿಲಿನ ಒಳತಗಡಿನಲ್ಲಿ ದೊಡ್ಡ ತೂತುಗಳಿದ್ದರೆ ಹಿಂದಿನ ಅಲೆ ಮುಂದಿನ ಅಲೆಯನ್ನು ಸೇರಿ ಅದನ್ನು ಕೊಂದುಬಿಡುತ್ತದೆ. ತಗ್ಗಿನ ದನಿ ಮಾಯವಾಗುತ್ತದೆ. ಆ ತೂತುಗಳನ್ನು ಮುಚ್ಚಿ, ತಗಡಿಗೆ ಬ್ಯುಟೈಲ್ ರಬ್ಬರಿನ ಹಾಳೆಯನ್ನು ಒತ್ತಿ ಅಂಟಿಸಿ, ಸ್ಪೀಕರನ್ನು ಅಲ್ಲಾಡದಂತೆ ಬಿಗಿದರೆ, ಹಿಂದೆ ವೂಫರ್ ಬೇಕೆಂದವನು ಎಷ್ಟೋ ಸಲ ಆ ಮಾತನ್ನೇ ಮರೆಯುತ್ತಾನೆ. ಬಾಣಲೆ ತೂತಾಗಿರುವಾಗ ಎಣ್ಣೆಯ ಮೇಲೆ ಎಣ್ಣೆ ಹೊಯ್ಯುವ ಅಡಿಗೆಯವನನ್ನು ನಮ್ಮ ಹೋಟೆಲುಗಳಲ್ಲಿ ಯಾರು ತಾನೆ ಮೆಚ್ಚುವರು?

ಎರಡನೆಯದು ತಂತಿಗಳ ತಾಳೆ. ಒಂದು ಸ್ಪೀಕರಿಗೆ ಧನ ಋಣಗಳು ಅದಲುಬದಲಾಗಿ ಜೋಡಣೆಯಾಗಿದ್ದರೆ, ಬಲಗಡೆಯದು ಮುಂದೆ ತಳ್ಳುವಾಗ ಎಡಗಡೆಯದು ಹಿಂದೆ ಸೆಳೆಯುತ್ತದೆ. ಹಾಡು ಎಲ್ಲಿಂದ ಬರುತ್ತಿದೆಯೆಂದೇ ತಿಳಿಯುವುದಿಲ್ಲ. ಪರೀಕ್ಷೆ ಸುಲಭ. ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ಲಿನ ಧನ ತುದಿಯನ್ನು ಸ್ಪೀಕರಿನ ಧನ ತಂತಿಗೆ, ಋಣ ತುದಿಯನ್ನು ಋಣಕ್ಕೆ ಕ್ಷಣಮಾತ್ರ ಮುಟ್ಟಿಸಿದರೆ ಶಂಖವು ಹೊರಕ್ಕೆ ಜಿಗಿಯಬೇಕು. ಒಳಕ್ಕೆ ಸರಿದರೆ ತಂತಿ ತಿರುಗುಮುರುಗಾಗಿದೆ. ಚಿಕ್ಕ ಟ್ವೀಟರುಗಳಿಗೆ ಮಾತ್ರ ಈ ಪರೀಕ್ಷೆಯನ್ನು ಮಾಡಕೂಡದು. ಆಂಪ್ಲಿಫಯರ್ ಹಾಕಿಸಿದವರು ಇನ್ನೊಂದನ್ನು ಕಡ್ಡಾಯವಾಗಿ ನೋಡಬೇಕು: ಬ್ಯಾಟರಿಯಿಂದ ಹೊರಡುವ ದಪ್ಪ ತಂತಿಗೆ, ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರಿನ ಒಳಗೆ ಫ್ಯೂಸ್ ಇರಲೇಬೇಕು. ಅದಿಲ್ಲದೆ ಆ ತಂತಿ ಎಲ್ಲಿಯಾದರೂ ಸವೆದು ತಗಡಿಗೆ ತಗಲಿದರೆ ಗಾಡಿಗೆ ಬೆಂಕಿ ಬೀಳಬಹುದು. ನಾಲ್ಕು ಕಾಸು ಉಳಿಸಲು ಹೋಗಿ ನಾಲ್ವರ ಪ್ರಾಣವನ್ನು ಒತ್ತೆಯಿಡುವ ಅಂಗಡಿಯಿಂದ ದೂರವಿರುವುದೇ ಲೇಸು.

ಮೂರನೆಯದು ಗೇನ್ ಎಂಬ ಗುಂಡಿ. ಇದನ್ನು ಸದ್ದಿನ ಗುಂಡಿಯೆಂದು ತಿಳಿಯುವವರೇ ಹೆಚ್ಚು. ನಿಜವಾಗಿ ಅದು ಸ್ಟೀರಿಯೊದಿಂದ ಬರುವ ಸಂಕೇತಕ್ಕೂ ಆಂಪ್ಲಿಫಯರಿನ ಯೋಗ್ಯತೆಗೂ ಹೊಂದಿಕೆ ಮಾಡಿಸುವ ಗುಂಡಿ. ಅದನ್ನು ಮಿತಿಮೀರಿ ಏರಿಸಿದರೆ ಅಲೆಯ ತಲೆ ಕತ್ತರಿಸಿಹೋಗಿ ದನಿ ಒರಟಾಗುತ್ತದೆ. ಸ್ಪೀಕರು ಸುಟ್ಟುಹೋಗುವುದೂ ಉಂಟು. ಬೇಸ್ ಏರಿಸುವ ಗುಂಡಿಗಳನ್ನೆಲ್ಲ ಮೊದಲು ಆರಿಸಿ, ಗೇನನ್ನು ಕನಿಷ್ಠಕ್ಕೆ ಇಳಿಸಿ, ಸ್ಟೀರಿಯೊದ ಸದ್ದನ್ನು ಮುಕ್ಕಾಲು ಮಟ್ಟಕ್ಕೆ ಏರಿಸಿ, ಪರಿಚಿತವಾದ ಹಾಡೊಂದನ್ನು ಹಾಕಬೇಕು. ಬಳಿಕ ಗೇನನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋಗಿ, ದನಿ ಒಡೆಯತೊಡಗಿದೊಡನೆ ಸ್ವಲ್ಪ ಹಿಂದಕ್ಕೆ ಬರಬೇಕು. ಉಕ್ಕುವ ಹಾಲಿನ ಮುಂದೆ ನಿಂತವನ ಎಚ್ಚರ ಇಲ್ಲಿಯೂ ಬೇಕು.

ನಾಲ್ಕನೆಯದು ಕೆಲಸದ ಹಂಚಿಕೆ. ಹೋಟೆಲಿನಲ್ಲಿ ರುಬ್ಬುವವನು ಬೇರೆ, ದೋಸೆ ಹುಯ್ಯುವವನು ಬೇರೆ, ಗಲ್ಲೆಯಲ್ಲಿ ಕುಳಿತವನು ಬೇರೆ. ಎಲ್ಲರೂ ಎಲ್ಲವನ್ನೂ ಮಾಡಹೊರಟರೆ ಹನ್ನೆರಡು ಗಂಟೆಯ ಊಟದ ಗಿರಾಕಿಗೆ ಎರಡು ಗಂಟೆಗೂ ಎಲೆ ಬೀಳದು. ಕ್ರಾಸ್‌ಓವರ್ ಮಾಡುವುದು ಈ ಹಂಚಿಕೆಯನ್ನೇ. 80 ಹರ್ಟ್ಸ್ ಸುಮಾರಿನಿಂದ ಕೆಳಗಿನ ದನಿಗಳನ್ನು ವೂಫರಿಗೆ ಬಿಟ್ಟು, ಅದರ ಮೇಲಿನವನ್ನು ಬಾಗಿಲಿನ ಸ್ಪೀಕರುಗಳಿಗೆ ಕೊಟ್ಟರೆ ಚಿಕ್ಕ ಸ್ಪೀಕರುಗಳು ತಮ್ಮ ಶಕ್ತಿಗೆ ಮೀರಿದ ಭಾರ ಹೊರಬೇಕಾಗುವುದಿಲ್ಲ. ಗಾಯಕನ ಕಂಠ ತಿಳಿಯಾಗುತ್ತದೆ. ಕಾರಿನ ಪುಟ್ಟ ಕೋಣೆಯಂತಹ ಒಳಭಾಗವು ತಗ್ಗಿನ ದನಿಗಳನ್ನು ತಾನಾಗಿಯೇ ಹೆಚ್ಚಿಸುವುದರಿಂದ ವೂಫರಿನ ಪಾಲು ನಾವು ಎಣಿಸುವುದಕ್ಕಿಂತ ಕಡಿಮೆಯೇ ಸಾಕು. ವೂಫರ್ ಹಿಂದೆ ಇದೆಯೆಂದು ಕೇಳುವವನಿಗೆ ಗೊತ್ತಾಗಬಾರದು. ತೆಗೆದಾಗ ಮಾತ್ರ ಗೊತ್ತಾಗಬೇಕು.

ಐದನೆಯದು ಕಾಲದ ಹೊಂದಿಕೆ. ನಮ್ಮ ದೇಶದಲ್ಲಿ ಚಾಲಕನು ಬಲಗಡೆ ಕುಳಿತುಕೊಳ್ಳುವುದರಿಂದ ಬಲಬಾಗಿಲಿನ ದನಿ ಅವನನ್ನು ಮೊದಲು ಮುಟ್ಟುತ್ತದೆ. ಹಾಡೆಲ್ಲ ಅವನ ಬಲಮೊಣಕಾಲಿನ ಬಳಿ ಗುಂಪುಗೂಡಿದಂತೆ ಭಾಸವಾಗುತ್ತದೆ. ದನಿಯು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಚಾಲಕನ ತಲೆಯಿಂದ ಬಲ ಸ್ಪೀಕರು 90 ಸೆಂಟಿಮೀಟರ್, ಎಡದ್ದು 141 ಸೆಂಟಿಮೀಟರ್ ದೂರವಿದ್ದರೆ ಅಂತರ 51; ಅದನ್ನು 34ರಿಂದ ಭಾಗಿಸಿದರೆ ಒಂದೂವರೆ. ಎಂದರೆ ಬಲ ಸ್ಪೀಕರನ್ನು ಒಂದೂವರೆ ಮಿಲಿಸೆಕೆಂಡು ತಡೆದು ನುಡಿಸಬೇಕು. ಈ ತಡೆಯನ್ನು ಕೊಡುವ ಸೌಕರ್ಯ ಇಂದಿನ ಹಲವು ಸ್ಟೀರಿಯೊಗಳಲ್ಲಿಯೇ ಇದೆ. ಒಂದು ಅಳತೆ ಪಟ್ಟಿ, ಒಂದು ಭಾಗಾಕಾರ, ಇಷ್ಟರಿಂದ ಗಾಯಕನು ಎದುರಿನ ಗಾಜಿನ ನಡುವೆ ಬಂದು ಕುಳಿತಂತಾಗುತ್ತದೆ. ಆ ಸೌಕರ್ಯವಿಲ್ಲದ ಯಂತ್ರದಲ್ಲಿ ಬ್ಯಾಲೆನ್ಸನ್ನು ತುಸು ಎಡಕ್ಕೆ ಸರಿಸಿ, ಹಿಂದಿನ ಸ್ಪೀಕರುಗಳ ಸದ್ದನ್ನು ಇಳಿಸಿದರೂ ಬಹುಪಾಲು ಸುಧಾರಣೆಯಾಗುತ್ತದೆ.

ಕೊನೆಯದು ಈಕ್ವಲೈಜರ್. ಎಲ್ಲರೂ ಮೊದಲು ಕೈಹಾಕುವುದು ಇದಕ್ಕೆ. ಕೈಹಾಕಬೇಕಾದುದು ಎಲ್ಲಕ್ಕಿಂತ ಕಡೆಯಲ್ಲಿ. ಇದರ ಸೂತ್ರ ಒಂದೇ: ಏರಿಸುವುದಕ್ಕಿಂತ ಇಳಿಸುವುದು ಲೇಸು. ಕಂಠ ಮಂಕಾಗಿದ್ದರೆ ಮೇಲಿನ ದನಿಗಳನ್ನು ಏರಿಸುವ ಮೊದಲು 200ರಿಂದ 300 ಹರ್ಟ್ಸಿನ ಗೊಂದಲವನ್ನು ಎರಡು ಮೂರು ಡೆಸಿಬೆಲ್ ತಗ್ಗಿಸಿ ನೋಡಬೇಕು. ಕಿವಿ ಚುಚ್ಚುತ್ತಿದ್ದರೆ 2000ದಿಂದ 4000 ಹರ್ಟ್ಸಿನ ನಡುವೆ ಅಷ್ಟೇ ತಗ್ಗಿಸಬೇಕು. ಎಲ್ಲ ಗುಂಡಿಗಳನ್ನೂ ಮೇಲಕ್ಕೆ ತಳ್ಳುವುದು ಸಾಂಬಾರಿಗೆ ಉಪ್ಪು, ಹುಳಿ, ಖಾರಗಳನ್ನು ಒಟ್ಟಿಗೆ ಹೆಚ್ಚಿಸಿದಂತೆ. ರುಚಿ ಹೆಚ್ಚುವುದಿಲ್ಲ, ಪಾತ್ರೆ ಕೆಡುತ್ತದೆ. ತಗ್ಗಿದ ಸದ್ದಿನಲ್ಲಿ ನಮ್ಮ ಕಿವಿಗೆ ಮಂದ್ರದ ದನಿಗಳು ಕಡಿಮೆಯಾಗಿ ಕೇಳುವುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲಿಯೇ ತೋರಿಸಿಕೊಟ್ಟರು. ಆದುದರಿಂದ ಯಾವ ಮಟ್ಟದಲ್ಲಿ ನಿತ್ಯ ಕೇಳುತ್ತೇವೆಯೋ ಆ ಮಟ್ಟದಲ್ಲಿಯೇ ಹೊಂದಿಸತಕ್ಕದ್ದು.

ಹೊಂದಿಸುವಾಗ ಯಾವ ಹಾಡನ್ನು ಕೇಳಬೇಕೆಂಬ ಪ್ರಶ್ನೆಯೂ ಸಣ್ಣದಲ್ಲ. ಗುಡುಗುವ ಹಾಡುಗಳಿಂದ ಯಂತ್ರದ ದೋಷ ತಿಳಿಯದು. ದೋಷವೇ ಅಲ್ಲಿ ಗುಣವಾಗಿ ಕೇಳುತ್ತದೆ. ಮನುಷ್ಯನ ಕಂಠವೂ ತಂಬೂರಿಯೂ ಇರುವ ಒಳ್ಳೆಯ ಮುದ್ರಿಕೆಯೊಂದನ್ನು ಆರಿಸಿಕೊಳ್ಳಬೇಕು. ಭೀಮಸೇನರು ಹಾಡಿದ ದಾಸರ ಪದಗಳು ನಮ್ಮವರ ಕಿವಿಗೆ ಬಾಲ್ಯದಿಂದ ಪರಿಚಿತವಾದವು. ಕನ್ನಡದ ಒಂದೊಂದು ಅಕ್ಷರವೂ ಎದೆಯಿಂದ ಎದ್ದು ಬಂದಂತೆ ಸ್ಫುಟವಾಗಿ ಕೇಳಿಸಬೇಕು, ಹಿನ್ನೆಲೆಯ ತಂಬೂರಿ ಎಳೆ ಕಡಿಯದೆ ಹರಿಯಬೇಕು. ಹಾಗೆ ಕೇಳಿಸಿದರೆ ಯಂತ್ರ ಶ್ರುತಿಗೂಡಿತೆಂದು ತಿಳಿಯಬಹುದು. ಅರ್ಧ ಗಂಟೆಗೊಮ್ಮೆ ಕಿವಿಗೆ ವಿಶ್ರಾಂತಿ ಕೊಟ್ಟು, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಕೇಳಿ ನಿರ್ಣಯಿಸಬೇಕು. ದಣಿದ ಕಿವಿ ಒಳ್ಳೆಯ ಪರೀಕ್ಷಕನಲ್ಲ.

ಇಷ್ಟೆಲ್ಲ ವಿವರವನ್ನು ಒಂದು ದಿನಪತ್ರಿಕೆಯ ಅಂಕಣದಲ್ಲಿ ಬರೆಯಬೇಕಾಗಿತ್ತೆ ಎಂದು ಕೇಳುವವರುಂಟು. ಕಾರೇ ಇಲ್ಲದ ಮಾಣಿಗೆ, ಬಸ್ಸಿನಲ್ಲಿ ತಿರುಗುವ ಗುಮಾಸ್ತನಿಗೆ ಇದರಿಂದ ಆಗಬೇಕಾದುದೇನು? ಆಗಬೇಕಾದುದು ಬಹಳವಿದೆ. ರಾತ್ರಿ ಹನ್ನೊಂದಕ್ಕೆ ಮೇಜು ತೊಳೆದು, ಹೋಟೆಲಿನ ಅಟ್ಟದಲ್ಲಿ ಚಾಪೆ ಹಾಸಿ, ಮರುದಿನ ನಾಲ್ಕಕ್ಕೆ ಒಲೆ ಹೊತ್ತಿಸಬೇಕಾದ ಹುಡುಗನಿಗೆ ದೇವರು ಕೊಟ್ಟಿರುವುದು ಐದು ಗಂಟೆಯ ನಿದ್ರೆ. 50 ಹರ್ಟ್ಸಿನ ತಗ್ಗಿನ ದನಿಯ ಅಲೆ ಸುಮಾರು 7 ಮೀಟರ್ ಉದ್ದವಾದುದು. ಅಂಥ ದನಿಗೆ ಗೋಡೆ, ಕಿಟಕಿಗಳು ದೊಡ್ಡ ಅಡ್ಡಿಯಲ್ಲ. ಗಣೇಶಖಿಂಡ ರಸ್ತೆಯಲ್ಲಿ ನಡುರಾತ್ರಿ ವೂಫರ್ ಗುಡುಗಿಸುತ್ತ ಹೋಗುವ ಗಾಡಿ, ತನ್ನೊಳಗೆ ಕುಳಿತವನಿಗೆ ಕೊಡುವ ಸುಖಕ್ಕಿಂತ ಹೆಚ್ಚಿನ ದುಃಖವನ್ನು ಹಾದಿಯುದ್ದಕ್ಕೂ ಮಲಗಿದವರಿಗೆ ಹಂಚುತ್ತದೆ. ಗಾಡಿ ನಡೆಸುವವನೂ ಹೋಟೆಲಿನವನೇ, ಎದ್ದು ಕುಳಿತವನೂ ಹೋಟೆಲಿನವನೇ ಆಗಿರುವ ಪ್ರಸಂಗಗಳು ಇಲ್ಲದಿಲ್ಲ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ 45. ಆಸ್ಪತ್ರೆ, ವಿದ್ಯಾಲಯ, ನ್ಯಾಯಾಲಯಗಳ ಸುತ್ತಣ 100 ಮೀಟರನ್ನು ಮೌನವಲಯವೆಂದು ಸಾರಲು ಅದೇ ನಿಯಮಗಳು ಅವಕಾಶವೀಯುತ್ತವೆ. ಶಿವಾಜಿನಗರವೆಂದರೆ ಜಿಲ್ಲಾ ನ್ಯಾಯಾಲಯ, 1854ರಲ್ಲಿ ಹುಟ್ಟಿದ ಇಂಜಿನಿಯರಿಂಗ್ ವಿದ್ಯಾಲಯ, ಫರ್ಗ್ಯುಸನ್ ಕಾಲೇಜು, ದೊಡ್ಡ ಆಸ್ಪತ್ರೆಗಳು ಒತ್ತಾಗಿ ನೆರೆದ ಪ್ರದೇಶ. ಆ ಇಂಜಿನಿಯರಿಂಗ್ ವಿದ್ಯಾಲಯದವರೇ ಗಣೇಶ ವಿಸರ್ಜನೆಯ ಕಾಲದಲ್ಲಿ ಲಕ್ಷ್ಮೀ ರಸ್ತೆಯ ಸದ್ದನ್ನು ಅಳೆಯುತ್ತ ಬಂದಿದ್ದಾರೆ. ಸರಾಸರಿಯೇ 100 ಡೆಸಿಬೆಲ್ಲನ್ನು ಮೀರಿದ ವರ್ಷಗಳುಂಟು. ಹಬ್ಬದ ಸದ್ದು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಕಾರಿನ ಸದ್ದನ್ನು ನಾವು ನಿತ್ಯವೂ ನಮ್ಮ ಕಿವಿಯ ಪಕ್ಕದಲ್ಲಿಯೇ ಕಟ್ಟಿಕೊಂಡು ತಿರುಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ಕೇವಲ 4 ಗಂಟೆ. ಒಮ್ಮೆ ಸತ್ತ ಕಿವಿಯ ನರಗಳು ಮತ್ತೆ ಚಿಗುರುವುದಿಲ್ಲ. ಗಿರಾಕಿಯ ಮಾತನ್ನು ಗದ್ದಲದಲ್ಲಿಯೂ ಹಿಡಿದು ಒಳಗೆ ಕೂಗಿ ಹೇಳಬೇಕಾದ ಮಾಣಿಗೆ, ದೂರವಾಣಿಯಲ್ಲಿ ಅಂಕಿಗಳನ್ನು ಬರೆದುಕೊಳ್ಳಬೇಕಾದ ಗುಮಾಸ್ತನಿಗೆ ಕಿವಿಯೆಂದರೆ ಅನ್ನ.

ಆಶ್ಚರ್ಯದ ಸಂಗತಿಯೆಂದರೆ, ಶ್ರುತಿಗೂಡಿದ ಯಂತ್ರವು ಈ ತೊಂದರೆಗಳನ್ನೂ ತಾನಾಗಿಯೇ ಕಡಿಮೆಮಾಡುತ್ತದೆ. ಮಾತು ಸ್ಪಷ್ಟವಾಗಿ ಕೇಳುವಾಗ ಸದ್ದನ್ನು ಏರಿಸುವ ಚಪಲ ಹುಟ್ಟುವುದಿಲ್ಲ. ಕಂಠ ಕೇಳಿಸದಿರುವಾಗಲೇ ನಾವು ಗುಂಡಿಯನ್ನು ಮತ್ತೆ ಮತ್ತೆ ತಿರುಗಿಸುವುದು. ಹೊಂದಿಕೆಯಿಲ್ಲದ ಯಂತ್ರದ ಒಡೆಯನು ಹೆಚ್ಚು ಹಣವನ್ನೂ ಹೆಚ್ಚು ಸದ್ದನ್ನೂ ಸುರಿದು ಕಡಿಮೆ ಹಾಡನ್ನು ಪಡೆಯುತ್ತಾನೆ. ಹೊಂದಿಸಿಕೊಂಡವನು ತಗ್ಗಿದ ಸದ್ದಿನಲ್ಲಿಯೇ ಇಡೀ ಹಾಡನ್ನು ಪಡೆಯುತ್ತಾನೆ, ಆಂಬುಲೆನ್ಸಿನ ಗಂಟೆಯನ್ನೂ ಕೇಳಿಸಿಕೊಳ್ಳುತ್ತಾನೆ.

ಈ ವಿದ್ಯೆಯಲ್ಲಿ ಜೀವನೋಪಾಯವೂ ಅಡಗಿದೆ. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಬೇಕಾದ ಸಾಮಾನೆಲ್ಲವೂ ದೊರೆಯುತ್ತದೆ. ದೊರೆಯದಿರುವುದು ಕುಳಿತು ಕೇಳಿ ಹೊಂದಿಸುವವರ ತಾಳ್ಮೆ. ಯಂತ್ರ ಮಾರುವವರು ಬೀದಿಗೊಬ್ಬರಿದ್ದಾರೆ, ಶ್ರುತಿಗೂಡಿಸುವವರು ವಿರಳ. ಹೋಟೆಲಿನ ಕೆಲಸದೊಡನೆ ಇನ್ನೊಂದು ಕಸಬನ್ನು ಕಲಿಯಬೇಕೆಂದಿರುವ ಚುರುಕು ತರುಣರು ಇತ್ತ ಗಮನ ಕೊಟ್ಟರೆ ತಪ್ಪಾಗಲಾರದು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಹೆಸರಿಗೆ ತಂದ, 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರು ಎಳೆಯ ಪ್ರಾಯದಲ್ಲಿಯೇ ದುಡಿಮೆಗೆ ಇಳಿದು ಮೇಲೆ ಬಂದವರು. ನಮ್ಮವರಿಗೆ ಪರವೂರಿನಲ್ಲಿ ಬೇರೂರಲು ನೆರವಾದದ್ದು ಬಂಡವಾಳಕ್ಕಿಂತ ಹದವೇ. ಹಿಟ್ಟಿನ ಹದವನ್ನು ಬೆರಳಿನಿಂದ ಅರಿಯುವವನಿಗೆ ದನಿಯ ಹದವನ್ನು ಕಿವಿಯಿಂದ ಅರಿಯುವುದು ಅಸಾಧ್ಯವೇನಲ್ಲ.

ನಮ್ಮ ಬಿನ್ನಹ ಇಷ್ಟೆ. ಹೊಸ ಯಂತ್ರಕ್ಕಾಗಿ ಚೀಟಿ ಎತ್ತಬೇಕೆಂದಿರುವವರು ಒಂದು ತಿಂಗಳು ತಡೆಯಲಿ. ಆ ತಿಂಗಳಲ್ಲಿ ಒಂದು ರಜೆಯ ಮಧ್ಯಾಹ್ನ ನಾಲ್ವರು ಮಿತ್ರರು ಸೇರಿ, ಒಂದು ಅಳತೆ ಪಟ್ಟಿ, ಒಂದು ಸೆಲ್ಲು, ಒಂದು ತಿರುಪುಳಿ ಇಟ್ಟುಕೊಂಡು, ಬಾಗಿಲಿನಿಂದ ಆರಂಭಿಸಿ ಈಕ್ವಲೈಜರಿನ ವರೆಗೆ ಒಂದೊಂದಾಗಿ ಸರಿಪಡಿಸಲಿ. ಸ್ವಂತ ಗಾಡಿಯುಳ್ಳ ಮಾಲಕರು ತಮ್ಮ ಕೆಲಸಗಾರರಿಗೆ ಅಭ್ಯಾಸಕ್ಕೆಂದು ಅದನ್ನು ಅಂದು ಬಿಟ್ಟುಕೊಡಲಿ. ಅಷ್ಟಾದ ಮೇಲೆಯೂ ಯಂತ್ರ ಸಾಲದೆಂದು ತೋರಿದರೆ ಅವಶ್ಯವಾಗಿ ಹೊಸದನ್ನು ಕೊಳ್ಳಬಹುದು. ಬಹುಮಂದಿಗೆ ಹಾಗೆ ತೋರದೆಂದು ನಮ್ಮ ನಂಬಿಕೆ; ಉಳಿದ ಹಣ ಊರಿಗೆ ಹೋಗಲಿ, ಅಟ್ಟದ ಮೇಲೆ ಮಲಗಿದ ಹುಡುಗ ನಾಲ್ಕು ಗಂಟೆಯ ತನಕ ಮಲಗಲಿ.